ರೈಲು ಗುದ್ದಿದಾಗ ಯಾವ ಭಾಗ ಮೊದ್ಲು ಮಡಚ್ಬೇಕು ಅನ್ನೋದು ಡ್ರಾಯಿಂಗಲ್ಲೇ ತೀರ್ಮಾನ ಆಗಿರತ್ತೆ

ಪ್ರಶ್ನೆ: ಕಾರಲ್ಲಿ ಮುಂದಿನ ಭಾಗ ಬೇಕಂತಲೇ ನಜ್ಜುಗುಜ್ಜಾಗೋ ಹಾಗೆ ಮಾಡಿರ್ತಾರೆ, ಒಳಗಿರೋರು ಉಳೀಲಿ ಅಂತ, ಅದು ಗೊತ್ತು. ರೈಲಲ್ಲೂ ಆ ಥರ ಏನಾದ್ರೂ ಇರತ್ತಾ? ಅಷ್ಟು ತೂಕದ ಗಾಡಿನ ಆದಷ್ಟೂ ಗಟ್ಟಿಯಾಗಿ ಕಟ್ಟಿಬಿಟ್ರೆ ಸಾಕಲ್ವಾ? ಇಷ್ಟೆಲ್ಲಾ ಟೆಕ್ನಾಲಜಿ ಇದ್ರೂ ದೊಡ್ಡ ಅಪಘಾತಗಳಲ್ಲಿ ಅಷ್ಟೊಂದು ಜನ ಯಾಕೆ ಸಾಯ್ತಾರೆ? ಸೀಟ್ ಬೆಲ್ಟ್ ಯಾಕಿಲ್ಲ? ಯಾವ ಬೋಗಿಲಿ ಕೂತ್ರೆ ಒಳ್ಳೇದು? ಸಣ್ಣ ಡಿಕ್ಕಿ ಆದ್ರೆ ಆ ಬೋಗಿನ ಎಸೆದುಬಿಡ್ತಾರಾ?

ಉತ್ತರ: ಇರತ್ತೆ, ಖಂಡಿತ ಇರತ್ತೆ. ಮತ್ತೆ "ಆದಷ್ಟೂ ಗಟ್ಟಿಯಾಗಿ ಕಟ್ಟಿಬಿಟ್ರೆ ಸಾಕಲ್ವಾ" ಅಂತ ನೀವು ಕೇಳಿದ್ದು ತಪ್ಪು ಪ್ರಶ್ನೆ ಅಲ್ಲ, ಯಾಕಂದ್ರೆ ರೈಲು ಕಟ್ಟೋರೇ ಬಹಳ ದಶಕಗಳ ಕಾಲ ಹಾಗೇ ನಂಬ್ಕೊಂಡು ಬಂದಿದ್ರು. ಅಮೆರಿಕದಲ್ಲಿ ಪ್ಯಾಸೆಂಜರ್ ಬೋಗಿ ಅಂದ್ರೆ ಈ ತುದಿಯಿಂದ ಆ ತುದಿಗೆ 8,00,000 ಪೌಂಡ್ ಬಲ ಹಾಕಿ ಒತ್ತಿದ್ರೂ ಶಾಶ್ವತವಾಗಿ ಬಾಗಬಾರದು ಅಂತ ರೂಲ್ ಇತ್ತು, ಅಂದ್ರೆ ಸುಮಾರು 360 ಟನ್ ತೂಕ ಹೇರಿದ ಹಾಗೆ, ಇವತ್ತಿಗೂ ಅಲ್ಲಿನ ಸಾಂಪ್ರದಾಯಿಕ ಬೋಗಿಗಳಿಗೆ ಅದೇ ಲೆಕ್ಕ. ಆದ್ರೆ ಗಟ್ಟಿ ಅನ್ನೋದೊಂದೇ ಜೀವ ಉಳಿಸಲ್ಲ. ಗಾಡಿಯ ಯಾವ ಭಾಗ ಮೊದ್ಲು ಸೋಲ್ಬೇಕು, ಯಾವುದು ಆಮೇಲೆ, ಯಾವುದು ಕೊನೇವರೆಗೂ ಸೋಲಲೇಬಾರದು, ಆ ಕ್ರಮ ಉಳಿಸತ್ತೆ. ರೈಲಿನ ಬಾಡಿ ಡಿಸೈನ್ ಮಾಡೋ ನಮ್ಮ ಕೆಲಸದ ಮುಕ್ಕಾಲು ಭಾಗ ಆ ಕ್ರಮ ಕೂರಿಸೋದೇ.

ಮೊದ್ಲು ಸ್ವಲ್ಪ ಲೆಕ್ಕ ನೋಡೋಣ, ಇದಿಲ್ದೆ ಮುಂದಿಂದು ಯಾವುದೂ ಅರ್ಥ ಆಗಲ್ಲ. 400 ಟನ್ನಿನ ಒಂದು ಟ್ರೇನು ಗಂಟೆಗೆ 36 ಕಿಮೀ ಸ್ಪೀಡಲ್ಲಿ ಹೋಗ್ತಿದೆ ಅಂದ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 10 ಮೀಟರ್. ಅದರಲ್ಲಿರೋ ಚಲನ ಶಕ್ತಿ 20 ಮೆಗಾಜೂಲ್. ಅದೇ ಥರದ ಇನ್ನೊಂದು ಟ್ರೇನು ನಿಂತಿದೆ, ಇದು ಹೋಗಿ ಅದಕ್ಕೆ ಗುದ್ದತ್ತೆ, ಗುದ್ದಿದ ಮೇಲೆ ಎರಡೂ ಒಟ್ಟಿಗೆ ಸೆಕೆಂಡಿಗೆ 5 ಮೀಟರ್ ಸ್ಪೀಡಲ್ಲಿ ಮುಂದೆ ಜಾರತ್ವೆ, ಆಗ ಉಳಿದಿರೋ ಶಕ್ತಿ 10 ಮೆಗಾಜೂಲ್, ಅದನ್ನ ಬ್ರೇಕು ಹಳಿ ನೋಡ್ಕೊಳ್ಳತ್ವೆ. ಉಳಿದ 10 ಮೆಗಾಜೂಲ್ ಎಲ್ಲೋ ಹೋಗ್ಲೇಬೇಕಲ್ಲ, ಅದು ಹೋಗೋದು ಲೋಹ ಬಗ್ಗಿಸೋದ್ರಲ್ಲಿ, ಹರಿಯೋದ್ರಲ್ಲಿ, ಮಡಚೋದ್ರಲ್ಲಿ. ಒಂದೊಂದು ಟ್ರೇನಿನ ಪಾಲಿಗೆ 5 ಮೆಗಾಜೂಲ್. ಈ 5 ಮೆಗಾಜೂಲ್ ಎಲ್ಲಿ ಖರ್ಚಾಗ್ಬೇಕು ಅನ್ನೋದನ್ನ ಇಂಜಿನಿಯರ್ ತೀರ್ಮಾನ ಮಾಡದೇ ಹೋದ್ರೆ ಗಾಡಿನೇ ತೀರ್ಮಾನ ಮಾಡತ್ತೆ, ಎಲ್ಲಿ ವೀಕ್ ಇದ್ಯೋ ಅಲ್ಲಿ, ಮತ್ತೆ ಬೋಗಿಲಿ ವೀಕ್ ಜಾಗ ಅಂದ್ರೆ ಸಾಮಾನ್ಯವಾಗಿ ಬಾಗಿಲು ಕಿಟಕಿ ಕೊರೆದಿರೋ ಜಾಗ, ಅಂದ್ರೆ ಜನ ಇರೋ ಜಾಗ.

ಕಾರಿನ ಜೊತೆ ಹೋಲಿಸೋದು ಇಲ್ಲೇ ಮುರಿದು ಬೀಳೋದು. ಕಾರು ಒಂದೇ ಗಟ್ಟಿ, ಮುಂದಿನ ಮೂತಿ ಮಡಚಿದ್ರೆ ಇಡೀ ಕಾರು ನಿಂತಂಗೆ. ಟ್ರೇನು ಸರಪಳಿ. ಮೊದಲ ಬೋಗಿಗೆ ಪೆಟ್ಟು ಬಿದ್ದ ಕ್ಷಣದಲ್ಲಿ ಕೊನೇ ಬೋಗಿಗೆ ಏನಾಗಿದೆ ಅಂತನೇ ಗೊತ್ತಿರಲ್ಲ, ಅದು ಇನ್ನೂ ಅದೇ 36 ಕಿಮೀಲಿ ಬರ್ತಾ ಇರತ್ತೆ, ಬಂದು ಮುಂದಿಂದನ್ನ ಹಿಂದಿನಿಂದ ತಳ್ಳತ್ತೆ. ಇಡೀ 400 ಟನ್ನನ್ನ ಮೂತಿ ಒಂದರಿಂದಲೇ 5 ಜಿ ಲೆಕ್ಕದಲ್ಲಿ (ಒಂದು ಜಿ ಅಂದ್ರೆ ಭೂಮಿಯ ಗುರುತ್ವದಷ್ಟು) ನಿಲ್ಲಿಸ್ಬೇಕು ಅಂದ್ರೆ 2,000 ಟನ್ ತೂಕದಷ್ಟು ಬಲ ಬೇಕು. ಯುರೋಪಿನ ಫಿಕ್ಸ್ಡ್ ಟ್ರೇನ್ ಸೆಟ್ಟುಗಳ (ಬೋಗಿಗಳನ್ನ ಬಿಡಿಸದೇ ಒಟ್ಟಿಗೇ ಓಡಿಸೋ ಟ್ರೇನುಗಳ) ಬಾಡಿ ತಾಳ್ಬೇಕು ಅಂತ ಕೇಳೋದು 1,500 ಕಿಲೋನ್ಯೂಟನ್, ಅಂದ್ರೆ 150 ಟನ್ ಚಿಲ್ಲರೆ. ಸರಿ ಮೂತಿ ಬಲನ ಕಮ್ಮಿ ಮಾಡಿ 200 ಟನ್ನಿನ ಆಸುಪಾಸಲ್ಲಿ ಇಟ್ಟು ಒಂದೇ ಕಡೆ ಮಡಚೋಣ ಅಂದ್ರೆ, ಗೋಡೆಗೆ ಗುದ್ದಿದ ಟ್ರೇನಿನ 20 ಮೆಗಾಜೂಲ್ ಕರಗಿಸೋಕೆ 10 ಮೀಟರ್ ಉದ್ದ ಮಡಚ್ಬೇಕಾಗತ್ತೆ, ಅರ್ಧ ಬೋಗಿ ಹೋಯ್ತು. ಎರಡೂ ಆಗಲ್ಲ.

ಅದಕ್ಕೇ ಪ್ರತಿ ಬೋಗಿಯ ಎರಡೂ ತುದಿಗೂ ಮಡಚೋ ಜಾಗ ಕೊಡೋದು. 50 ಟನ್ನಿನ ಒಂದು ಬೋಗಿಯ ಸ್ವಂತ ಶಕ್ತಿ 36 ಕಿಮೀಲಿ ಎರಡೂವರೆ ಮೆಗಾಜೂಲ್ ಅಷ್ಟೇ, ಅದನ್ನ ಅದರದೇ ತುದಿಗಳಲ್ಲಿ ಖರ್ಚು ಮಾಡಿದ್ರೆ ಒಂದೊಂದು ತುದಿಲಿ ಅರ್ಧ ಮುಕ್ಕಾಲು ಮೀಟರ್ ಹೋಗತ್ತೆ, ಅಷ್ಟು ಜಾಗ ಟಾಯ್ಲೆಟ್ಟು, ಎಲೆಕ್ಟ್ರಿಕಲ್ ಕಬೋರ್ಡು, ಬಾಗಿಲ ಹತ್ರದ ವೆಸ್ಟಿಬ್ಯೂಲಲ್ಲಿ ಹೊಂದಿಸ್ಬಹುದು. ಆದ್ರೆ ಇದು ಕಾಗದದ ಮೇಲೆ ಹೇಳಿದಷ್ಟು ಸಮನಾಗಿ ಹಂಚ್ಕೊಳ್ಳಲ್ಲ. ಒಂದು ಬೋಗಿ ನಿಧಾನ ಆಗೋದು ಅದರ ಮುಂದಿಂದ ಬರೋ ಬಲ ಮತ್ತು ಹಿಂದಿಂದ ತಳ್ಳೋ ಬಲದ ವ್ಯತ್ಯಾಸದಿಂದ, ಎರಡೂ ಒಂದೇ ಇದ್ರೆ ಬೋಗಿ ನಡುವೆ ಸಿಕ್ಕಿ ಒತ್ತಡ ತಿಂತಾ ಇರತ್ತೇ ಹೊರತು ನಿಧಾನ ಆಗಲ್ಲ. ಹಾಗಾಗಿ ಮುಂದೆ ಜಾಸ್ತಿ ಬಲ, ಹಿಂದೆ ಹಿಂದೆ ಹೋದಂಗೆ ಕಮ್ಮಿ ಬಲ, ಮತ್ತೆ ಏನೇ ಮಾಡಿದ್ರೂ ಮುಂದಿನ ಮೂತಿಗೆ ಹೆಚ್ಚಿನ ಪಾಲು. ಈ ಹಂಚಿಕೆನ ಮೊದ್ಲು ತೂಕ-ಸ್ಪ್ರಿಂಗುಗಳ ಒಂದು ಸರಳ ಮಾಡೆಲ್ಲಲ್ಲಿ, ಇಡೀ ಟ್ರೇನನ್ನ ಒಂದು ಗೆರೆ ಮೇಲೆ ಇಟ್ಟು ನೋಡ್ತೀವಿ, ಆಮೇಲೆ ಬಾಡಿನ ಲಕ್ಷಗಟ್ಟಲೆ ಸಣ್ಣ ತುಂಡುಗಳಾಗಿ (ಎಲಿಮೆಂಟು) ಒಡೆದು ಲೆಕ್ಕ ಹಾಕೋ ದೊಡ್ಡ ಕಂಪ್ಯೂಟರ್ ಮಾಡೆಲ್ಲಿಗೆ ಹೋಗೋದು. ನನ್ನ ಅಭಿಪ್ರಾಯದಲ್ಲಿ ಆ ಸರಳ ಮಾಡೆಲ್ಲಲ್ಲಿ ಕಳೆದ ಸಮಯಕ್ಕೇ ಹೆಚ್ಚು ಬೆಲೆ, ಅಲ್ಲಿ ಹಂಚಿಕೆ ತಪ್ಪಿದ್ರೆ ಮುಂದೆ ಎಷ್ಟು ಚಂದ ಮಾಡೆಲ್ ಮಾಡಿದ್ರೂ ಗಾಡಿ ಸರಿ ಹೋಗಲ್ಲ.

ಇದೆಲ್ಲಾ ನಿಜವಾಗ್ಲೂ ಕೆಲಸ ಮಾಡತ್ತಾ ಅಂತ ಕೇಳಿದ್ರೆ ನಾನು ಯಾವಾಗ್ಲೂ ತೋರಿಸೋದು ಅಮೆರಿಕದ ಎರಡು ಟೆಸ್ಟ್. ಅಲ್ಲಿನ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಶನ್ ಕೊಲರಾಡೋದ ಪ್ಯೂಬ್ಲೋ ಹತ್ರ ಟೆಸ್ಟ್ ಟ್ರ್ಯಾಕಲ್ಲಿ ನಿಜವಾದ ಟ್ರೇನುಗಳನ್ನೇ ಗುದ್ದಿಸಿ ನೋಡ್ತು. 2002ರಲ್ಲಿ ಹಳೇ ಥರದ ಗಟ್ಟಿ ಬೋಗಿಗಳ ಟ್ರೇನು, ಮುಂದೆ ಡ್ರೈವರ್ ಕ್ಯಾಬಿನ್ ಇರೋ ಪ್ಯಾಸೆಂಜರ್ ಬೋಗಿ, ನಿಂತಿದ್ದ ಲೋಕೋಮೋಟಿವ್ ಇರೋ ಟ್ರೇನಿಗೆ ಸುಮಾರು 50 ಕಿಮೀ ಸ್ಪೀಡಲ್ಲಿ ಹೋಗಿ ಹೊಡೀತು. ಆ ಮುಂದಿನ ಬೋಗಿ ಲೋಕೋಮೋಟಿವ್ ಮೇಲೆ ಹತ್ತಿಬಿಡ್ತು, ಸುಮಾರು 22 ಅಡಿ ಉದ್ದ ನುಚ್ಚುನೂರು, ಡ್ರೈವರಿಗೂ ಮುಂದಿನ ಸಾಲುಗಳಿಗೂ ಜಾಗವೇ ಉಳೀಲಿಲ್ಲ, ಹಿಂದಿನ ಬೋಗಿಗಳಿಗೆ ಹೆಚ್ಚೇನೂ ಆಗ್ಲಿಲ್ಲ. 2006ರಲ್ಲಿ ಹೆಚ್ಚು ಕಮ್ಮಿ ಅದೇ ಸ್ಪೀಡು, ಅದೇ ಥರದ ಡಿಕ್ಕಿ, ಆದ್ರೆ ಬೋಗಿ ತುದಿಗಳಿಗೆ ಮಡಚೋ ವ್ಯವಸ್ಥೆ ಹಾಕಿದ್ರು. ಮುಂದಿನ ತುದಿ ಸುಮಾರು 3 ಅಡಿ ಮಡಚ್ತು, ಆಮೇಲೆ ಮಡಚೋದು ಹಿಂದಿನ ಬೋಗಿಗಳ ಜನ ಇಲ್ಲದ ತುದಿಗಳಿಗೆ ಒಂದೊಂದಾಗಿ ದಾಟ್ತಾ ಹೋಯ್ತು, ಯಾವುದೂ ಯಾವುದರ ಮೇಲೂ ಹತ್ಲಿಲ್ಲ, ಡ್ರೈವರ್ ಜಾಗ ಮತ್ತು ಪ್ರಯಾಣಿಕರ ಜಾಗ ಎಲ್ಲಾ ಉಳೀತು. 22 ಅಡಿಗೂ 3 ಅಡಿಗೂ ಇರೋ ಈ ವ್ಯತ್ಯಾಸಕ್ಕೆ ಕಾರಣ ಎಕ್ಸ್‌ಟ್ರಾ ಉಕ್ಕಲ್ಲ, ಡಿಸೈನು.

ಈಗ ಮಡಚೋ ಕ್ರಮಕ್ಕೆ ಬರೋಣ, ಮೂತಿಯಿಂದ ಒಳಗೆ. ಎಲ್ಲಕ್ಕಿಂತ ಮುಂದೆ ಇರೋದು ಕಪ್ಲರ್, ಅಂದ್ರೆ ಬೋಗಿಗಳನ್ನ ಜೋಡಿಸೋ ಕೊಂಡಿ, ಅದರ ಹಿಂದೆ ರಬ್ಬರ್ ಅಥವಾ ಹೈಡ್ರಾಲಿಕ್ ಗೇರು. ಯಾರ್ಡಲ್ಲಿ ಬೋಗಿ ಜೋಡಿಸುವಾಗ ಆಗೋ ನಡಿಗೆ ಸ್ಪೀಡಿನ ತಟ್ಟುಗಳನ್ನ ಇದೇ ನುಂಗ್ಕೊಂಡು ವಾಪಸ್ ತನ್ನ ಜಾಗಕ್ಕೆ ಬರತ್ತೆ, ಏನೂ ಹಾಳಾಗಲ್ಲ. ಅದಕ್ಕಿಂತ ಜೋರಾದ್ರೆ ಕಪ್ಲರಿನ ಹಿಂದಿರೋ ಡಿಫಾರ್ಮೇಶನ್ ಟ್ಯೂಬ್ ಕೆಲಸ ಶುರು ಮಾಡತ್ತೆ, ದಪ್ಪ ಉಕ್ಕಿನ ಕೊಳವೆಯೊಳಗೆ ಶಂಕುವಿನ ಆಕಾರದ ತುಂಡೊಂದು ನುಗ್ಗಿ ಕೊಳವೆನ ಅಗಲ ಮಾಡ್ತಾ ಹೋಗತ್ತೆ, ಇದು ಒಂದೇ ಸಲ ಉಪಯೋಗಕ್ಕೆ. ಅದೂ ಮುಗೀತು ಅಂದ್ರೆ ಕಪ್ಲರ್ ಹಿಡ್ಕೊಂಡಿರೋ ಬೋಲ್ಟುಗಳು ಕತ್ತರಿಸಿ ಹೋಗಿ ಕಪ್ಲರ್ ಅಂಡರ್‌ಫ್ರೇಮ್ (ಬೋಗಿ ತಳದ ಗಟ್ಟಿ ಚೌಕಟ್ಟು) ಕೆಳಗೆ ಹಿಂದಕ್ಕೆ ಜಾರ್ಕೊಂಡು ಹೋಗತ್ತೆ. ಈ ಬೋಲ್ಟುಗಳು ಹೇಳಿದ ಬಲಕ್ಕೆ ಸರಿಯಾಗಿ ಹೋಗ್ಲೇಬೇಕು. ಹೋಗಲಿಲ್ಲ ಅಂದ್ರೆ ಕಪ್ಲರ್ ಒಂದು ಕಂಬದ ಥರ ಮಧ್ಯೆ ನಿಂತುಬಿಡತ್ತೆ, ಎರಡೂ ಕಡೆ ಮಡಚೋಕಂತಲೇ ಇಟ್ಟಿರೋ ಲೋಹದ ಕ್ರ್ಯಾಶ್ ಬಾಕ್ಸುಗಳು ಎದುರಿನ ಗಾಡಿನ ಮುಟ್ಟೋದೇ ಇಲ್ಲ, ಎಲ್ಲಾ ಬಲ ಮಧ್ಯದ ಒಂದು ಜಾಗಕ್ಕೆ ಬಿದ್ದು ಅಂಡರ್‌ಫ್ರೇಮ್ ಹಾಳಾಗತ್ತೆ. ಕಪ್ಲರ್ ಸರಿದ ಮೇಲೆ ಒಂದರ ಮೇಲೊಂದು ಹತ್ತದ ಹಾಗೆ ತಡೆಯೋ, ಎರಡು ಗಾಡಿಗಳ ಆಂಟಿ-ಕ್ಲೈಂಬರ್ ಹಲ್ಲುಗಳು ಒಂದಕ್ಕೊಂದು ಕಚ್ಕೊಳ್ಳತ್ವೆ, ಅದರ ಹಿಂದಿರೋ ಕ್ರ್ಯಾಶ್ ಬಾಕ್ಸುಗಳು ಮಡಚತ್ವೆ, ಆಮೇಲೆ ಕ್ಯಾಬಿನ್ ಸುತ್ತಲಿನ ಸ್ಟ್ರಕ್ಚರಿನ ಕೆಲವು ಭಾಗ. ಇಷ್ಟೂ ಮಡಚೋಕೆ ಬೇಕಾದ ಬಲ, ಜನ ಕೂತಿರೋ ಪೆಟ್ಟಿಗೆ ತಾಳೋ ಬಲಕ್ಕಿಂತ ಕಮ್ಮಿ ಇರ್ಲೇಬೇಕು, ಪ್ರತಿ ಹಂತದಲ್ಲೂ, ಪ್ರತಿ ಮಿಲಿಮೀಟರಲ್ಲೂ.

ಆ "ಪ್ರತಿ ಮಿಲಿಮೀಟರ್" ಅನ್ನೋದೇ ಕಷ್ಟ. ಖಾಲಿ ತಗಡಿನ ಡಬ್ಬ ನಿಲ್ಲಿಸಿ ಮೇಲಿಂದ ಕಾಲಿಟ್ಟು ಒತ್ತಿ ನೋಡಿ, ಮೊದ್ಲು ಅಲ್ಲಾಡೋದೇ ಇಲ್ಲ, ಇನ್ನೂ ಒತ್ತಿದ್ರೆ ಒಂದೇ ಸಲ ಕುಸಿದು ಆಮೇಲೆ ಸಲೀಸಾಗಿ ಮಡಚತ್ತೆ. ಉಕ್ಕಿನ ಕೊಳವೆನೂ ಹಾಗೇ, ಮೊದಲ ಮಡಿಕೆ ಬೀಳೋಕೆ ಬೇಕಾದ ಬಲ ಆಮೇಲಿನ ಸರಾಸರಿ ಬಲಕ್ಕಿಂತ ಎರಡರಷ್ಟು ಮೂರರಷ್ಟು ಇರ್ಬಹುದು. ನುಂಗೋ ಶಕ್ತಿ ಲೆಕ್ಕಕ್ಕೆ ಬರೋದು ಸರಾಸರಿ ಬಲ, ಆದ್ರೆ ಹಿಂದಿನ ಬಾಡಿ ತಾಳ್ಬೇಕಾಗಿರೋದು ಆ ಮೊದಲ ಶಿಖರ. ಅಂದ್ರೆ ಶಿಖರ ಎತ್ತರ ಇದ್ದಷ್ಟೂ ಹಿಂದಿನದೆಲ್ಲಾ ಸುಮ್ನೆ ಭಾರ ಮಾಡ್ಬೇಕು. ಹಾಗಾಗಿ ಕ್ರ್ಯಾಶ್ ಬಾಕ್ಸಿನ ಮುಂದಿನ ತುದಿಲಿ ಬೇಕಂತಲೇ ಸಣ್ಣ ತಗ್ಗು, ತೂತು, ಮೊದಲೇ ಸ್ವಲ್ಪ ಬಗ್ಗಿಸಿದ ಅಂಚು ಕೊಟ್ಟಿರ್ತಾರೆ, ಇದಕ್ಕೆ ಟ್ರಿಗರ್ ಅಂತೀವಿ. ಮಡಿಕೆ ಎಲ್ಲಿ ಶುರು ಆಗ್ಬೇಕು ಅಂತ ಅದಕ್ಕೆ ಹೇಳಿಕೊಟ್ಟಂಗೆ, ಶಿಖರನೂ ತಗ್ಗತ್ತೆ. ಅಲೆಕ್ಸಾಂಡರ್ ಅನ್ನೋರು 1960ರಲ್ಲೇ ತೆಳು ಕೊಳವೆಗೆ ಒಂದು ಸುಲಭ ಸೂತ್ರ ಕೊಟ್ರು, ಸರಾಸರಿ ಬಲ ಗೋಡೆ ದಪ್ಪದ ಒಂದೂವರೆ ಘಾತಕ್ಕೆ ಮತ್ತು ವ್ಯಾಸದ ವರ್ಗಮೂಲಕ್ಕೆ ತಕ್ಕಂತೆ ಏರತ್ತೆ ಅಂತ. ಇವತ್ತಿಗೂ ಮೊದಲ ಅಂದಾಜಿಗೆ ಅದು ಸಾಕು, ದಪ್ಪ ಎರಡರಷ್ಟು ಮಾಡಿದ್ರೆ ಬಲ ಸುಮಾರು 2.8 ಪಟ್ಟು.

ಕೊಳವೆ ತುಂಬಾ ಉದ್ದ ಸಣ್ಣ ಆದ್ರೆ ಮಡಚೋ ಬದಲು ಮಧ್ಯದಲ್ಲಿ ಬಾಗಿ ಪಕ್ಕಕ್ಕೆ ಹೊರಟುಹೋಗತ್ತೆ, ಆಗ ಶಕ್ತಿ ನುಂಗೋದೇ ಇಲ್ಲ, ಇದು ಎಲ್ಲರೂ ಹೆದರೋ ವಿಷಯ. ಎದುರಿನ ಗಾಡಿ ನೇರವಾಗಿ ಬರದೇ ಸ್ವಲ್ಪ ಓರೆಯಾಗಿ ಬಂದ್ರೂ ಅಷ್ಟೇ. ಅದಕ್ಕೆ ಒಳಗೆ ಗೈಡ್ ಕೊಡ್ತಾರೆ, ಅಥವಾ ಜೇನುಗೂಡಿನ ಆಕಾರದ ಅಲ್ಯೂಮಿನಿಯಂ ತುಂಬಿಸ್ತಾರೆ, ಅಥವಾ ಮಡಚೋದೇ ಬೇಡ ಅಂತ ಗಟ್ಟಿ ಉಳಿಗಳಿಂದ ಕೊಳವೆಯ ಮೈನ ಲೇತ್ ಮಷೀನಲ್ಲಿ ಮಾಡಿದಂಗೆ ಹೆರೆಯೋ ಥರದ ಡಿಸೈನುಗಳೂ ಇವೆ. ಇನ್ನೊಂದು ಮಾತು, ಮೆತ್ತಗಿನ ಉಕ್ಕು ಬೇಗ ಬೇಗ ಬಗ್ಗಿಸಿದ್ರೆ ನಿಧಾನಕ್ಕೆ ಬಗ್ಗಿಸಿದ್ದಕ್ಕಿಂತ ಹೆಚ್ಚು ಗಟ್ಟಿ ವರ್ತಿಸತ್ತೆ, ಅಲ್ಯೂಮಿನಿಯಮ್ಮಿಗೆ ಈ ಗುಣ ತೀರಾ ಕಮ್ಮಿ. ಲ್ಯಾಬಲ್ಲಿ ಪ್ರೆಸ್ಸಲ್ಲಿಟ್ಟು ನಿಧಾನಕ್ಕೆ ಒತ್ತಿ ತೆಗೆದ ನಂಬರನ್ನ ನಿಜವಾದ ಡಿಕ್ಕಿಗೆ ಹಾಗೇ ಹಾಕ್ಬಾರದು ಅನ್ನೋದಕ್ಕೆ ಇದೇ ಕಾರಣ, ನಿಜವಾದ ಸ್ಪೀಡಲ್ಲಿ ಒಂದಾದ್ರೂ ಟೆಸ್ಟ್ ಮಾಡಿ ಕಂಪ್ಯೂಟರ್ ಮಾಡೆಲ್ಲನ್ನ ತಾಳೆ ನೋಡ್ಲೇಬೇಕು.

ಒಂದು ಗಾಡಿ ಇನ್ನೊಂದರ ಮೇಲೆ ಹತ್ತೋದ್ರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ರೈಲಿನ ಇತಿಹಾಸದಲ್ಲಿ ಜನರನ್ನ ಕೊಂದಿರೋದ್ರಲ್ಲಿ ಇದರ ಪಾಲು ದೊಡ್ಡದು. ಬೋಗಿಲಿ ಗಟ್ಟಿ ಇರೋದು ಕೆಳಗಿನ ಅಂಡರ್‌ಫ್ರೇಮ್. ಅದರ ಮೇಲಿನ ಗೋಡೆ, ಕಿಟಕಿ, ಚಾವಣಿ ಉದ್ದಕ್ಕೆ ಬರೋ ಬಲ ತಡ್ಕೊಳ್ಳೋದ್ರಲ್ಲಿ ಅದರ ಮುಂದೆ ಏನೂ ಅಲ್ಲ. ಎರಡು ಅಂಡರ್‌ಫ್ರೇಮ್ ಎದುರುಬದುರು ಮುಟ್ಟಿದ್ರೆ ಸರಿ, ಆದ್ರೆ ಬ್ರೇಕ್ ಹಾಕಿದಾಗ ಮೂತಿ ಸ್ವಲ್ಪ ತಗ್ಗಿರತ್ತೆ, ಒಂದರ ಚಕ್ರ ಸವೆದಿರತ್ತೆ, ಇನ್ನೊಂದು ತುಂಬಿರತ್ತೆ, ಮಡಚುವಾಗಲೇ ಒಂದು ತುದಿ ಎದ್ದುಕೊಳ್ಳತ್ತೆ. ಒಂದ್ಸಲ ಒಂದರ ಅಂಡರ್‌ಫ್ರೇಮ್ ಇನ್ನೊಂದರ ಮೇಲೆ ಹತ್ತಿದ್ರೆ ಆಮೇಲೆ ಅದು ಜನರ ಸೊಂಟದ ಎತ್ತರದಲ್ಲಿ ಇಡೀ ಬೋಗಿನ ಸೀಳ್ಕೊಂಡು ಹೋಗತ್ತೆ, ತಡೆಯೋಕೆ ಅಲ್ಲಿ ಏನೂ ಇಲ್ಲ. 1991ರ ಜನವರೀಲಿ ಲಂಡನ್ನಿನ ಕ್ಯಾನನ್ ಸ್ಟ್ರೀಟ್ ಸ್ಟೇಷನಲ್ಲಿ ಒಂದು ಟ್ರೇನು ಪ್ಲಾಟ್‌ಫಾರ್ಮ್ ಕೊನೆಯ ಬಫರಿಗೆ ಹೊಡೀತು, ಸ್ಪೀಡು ಗಂಟೆಗೆ ಬರೀ 16 ಕಿಮೀ ಆಸುಪಾಸು, ಸೈಕಲ್ ಸ್ಪೀಡು. 2 ಜನ ಸತ್ರು, 500ಕ್ಕೂ ಹೆಚ್ಚು ಜನಕ್ಕೆ ಗಾಯ ಆಯ್ತು. ಅಲ್ಲಿ ಕೆಟ್ಟದಾಗಿ ಹಾಳಾಗಿದ್ದು ಮೂತಿ ಅಲ್ಲ, 5 ಮತ್ತು 6ನೇ ಬೋಗಿ, ಒಂದು ಇನ್ನೊಂದರ ಮೇಲೆ ಹತ್ತಿತ್ತು. ಅದಕ್ಕೂ ಮುಂಚೆ 1988ರ ಡಿಸೆಂಬರಲ್ಲಿ ಕ್ಲ್ಯಾಪಮ್ ಜಂಕ್ಷನ್ ಹತ್ರ 35 ಜನ ಸತ್ತಿದ್ರು, ಅಲ್ಲಿದ್ದಿದ್ದು ಗಟ್ಟಿ ಅಂಡರ್‌ಫ್ರೇಮ್ ಮೇಲೆ ಬೇರೆಯಾಗಿ ಬಾಡಿ ಕೂರಿಸಿದ್ದ ಮಾರ್ಕ್ 1 ಬೋಗಿಗಳು. ಬ್ರಿಟನ್ ಕೊನೆಗೆ 1999ರ ರೈಲ್ವೆ ಸುರಕ್ಷತಾ ನಿಯಮಗಳಲ್ಲಿ ಆ ಮಾರ್ಕ್ 1 ಬೋಗಿಗಳನ್ನ ಮುಖ್ಯ ಮಾರ್ಗಗಳಿಂದ ತೆಗೆಯೋಕೆ ಗಡುವು ಹಾಕ್ತು. ನನಗೆ ಕೇಳಿದ್ರೆ ಅದು ಬಹಳ ತಡವಾಗಿ ಬಂದ ಒಳ್ಳೇ ನಿರ್ಧಾರ.

ಆಂಟಿ-ಕ್ಲೈಂಬರ್ ಅಂದ್ರೆ ನೋಡೋಕೆ ಏನೂ ಇಲ್ಲ, ಅಡ್ಡಡ್ಡ ಹಲ್ಲುಗಳಿರೋ ಒಂದು ದಪ್ಪ ಪ್ಲೇಟು, ಕೆಲವು ಗಾಡಿಗಳ ಮೂತಿ ಕೆಳಗೆ ನೀವೂ ನೋಡಿರ್ತೀರ. ಎರಡು ಪ್ಲೇಟಿನ ಹಲ್ಲು ಒಂದರೊಳಗೊಂದು ಕೂತ್ರೆ ಮೇಲೆ ಕೆಳಗೆ ಜಾರೋಕಾಗಲ್ಲ, ಅಷ್ಟೇ. ಆದ್ರೆ ಮಡಚ್ತಾ ಇರುವಾಗಲೂ ಆ ಹಿಡಿತ ಬಿಡಬಾರದು, ಅದಕ್ಕೇ ರೈಲು ಡಿಕ್ಕಿ ಸುರಕ್ಷತೆಗೆ ಇರೋ ಯುರೋಪಿನ ಇಎನ್ 15227 ಸ್ಟ್ಯಾಂಡರ್ಡಲ್ಲಿ ಎರಡು ಗಾಡಿಗಳ ಎತ್ತರದಲ್ಲಿ 40 ಮಿಲಿಮೀಟರ್ ವ್ಯತ್ಯಾಸ ಇಟ್ಟು ಡಿಕ್ಕಿ ಮಾಡಿಸಿ ತೋರಿಸ್ಬೇಕು ಅಂತ ಇದೆ.

ಆ ಸ್ಟ್ಯಾಂಡರ್ಡ್ 2008ರಲ್ಲಿ ಬಂತು, 2020ರಲ್ಲಿ ಪರಿಷ್ಕರಣೆ ಆಯ್ತು, ಇವತ್ತು ಬಹಳ ದೇಶಗಳ ಟೆಂಡರುಗಳಲ್ಲಿ ಇದನ್ನೇ ಕೇಳ್ತಾರೆ. ಅದರಲ್ಲಿ ಮೇನ್‌ಲೈನ್ ಗಾಡಿಗಳಿಗೆ ಅದೇ ಥರದ ಗಾಡಿ ಜೊತೆ 36 ಕಿಮೀಲಿ ಡಿಕ್ಕಿ, 80 ಟನ್ನಿನ ಗೂಡ್ಸ್ ವ್ಯಾಗನ್ ಜೊತೆ 36 ಕಿಮೀಲಿ ಡಿಕ್ಕಿ, ಲೆವೆಲ್ ಕ್ರಾಸಿಂಗಲ್ಲಿ 15 ಟನ್ನಿನ ಲಾರಿಯಂಥದ್ದಕ್ಕೆ ಇನ್ನೂ ಜಾಸ್ತಿ ಸ್ಪೀಡಲ್ಲಿ, ಗರಿಷ್ಠ 110 ಕಿಮೀವರೆಗೆ, ಆಮೇಲೆ ಹಳಿ ಮೇಲೆ ಬಿದ್ದಿರೋ ಕಾರಿನಂಥ ತಗ್ಗಿನ ಅಡ್ಡಿ, ಇವನ್ನೆಲ್ಲಾ ಗಾಡಿ ತಾಳತ್ತೆ ಅಂತ ತೋರಿಸ್ಬೇಕು. ಮೆಟ್ರೋಗಳಿಗೆ ಗಾಡಿ-ಗಾಡಿ ಡಿಕ್ಕಿ 25 ಕಿಮೀ, ಟ್ರಾಮಿಗೆ 15. ಗಾಡಿ ಮತ್ತು ವ್ಯಾಗನ್ ಡಿಕ್ಕಿಗಳಲ್ಲಿ ಜನರ ಜಾಗದ ಸರಾಸರಿ ಡಿಸೆಲರೇಶನ್ (ಸ್ಪೀಡು ಇಳಿಯೋ ದರ) 5 ಜಿ ಮೀರಬಾರದು, ಲಾರಿ ಡಿಕ್ಕಿಲಿ 7.5 ಜಿ. ಸೆಕೆಂಡಿಗೆ 10 ಮೀಟರಿಂದ ಒಂದು ಮೀಟರಲ್ಲಿ ನಿಂತ್ರೆ ಬರೋದು ಹೆಚ್ಚು ಕಮ್ಮಿ ಇದೇ 5 ಜಿ, ಹಾಗಾಗಿ ಮಡಚೋ ಉದ್ದ ಎಷ್ಟಿರ್ಬೇಕು ಅನ್ನೋದಕ್ಕೂ ಒಂದು ಅಂದಾಜು ಸಿಕ್ತು.

ಲಾರಿ ಡಿಕ್ಕಿ ಬೇರೆ ಜಾತಿ. ಲಾರಿಯ ಸರಕು ಇರೋದು ಎತ್ತರದಲ್ಲಿ, ಕಪ್ಲರ್ ಮತ್ತು ಕ್ರ್ಯಾಶ್ ಬಾಕ್ಸುಗಳ ಮೇಲಿಂದಲೇ ಬಂದು ನೇರ ಡ್ರೈವರ್ ಎದೆಗೆ ಬರತ್ತೆ. ಹಾಗಾಗಿ ಕ್ಯಾಬಿನ್ನಿನ ಕಂಬಗಳು, ಕಿಟಕಿ ಕೆಳಗಿನ ಅಡ್ಡ ಬೀಮು ಬಲ ಹಂಚ್ಬೇಕು. 1988ರ ಸೆಪ್ಟೆಂಬರಲ್ಲಿ ಫ್ರಾನ್ಸಿನ ವ್ವಾರೋನ್ ಹತ್ರ ಕ್ರಾಸಿಂಗಲ್ಲಿ ಸಿಕ್ಕಿಹಾಕ್ಕೊಂಡಿದ್ದ ಭಾರೀ ಟ್ರಾನ್ಸ್‌ಫಾರ್ಮರ್ ಹೊತ್ತ ಲಾರಿಗೆ ಟಿಜಿವಿ (ಫ್ರಾನ್ಸಿನ ಹೈಸ್ಪೀಡ್ ಟ್ರೇನು) ಹೊಡೆದು ಡ್ರೈವರ್ ಮತ್ತು ಒಬ್ಬ ಪ್ರಯಾಣಿಕ ಸತ್ರು, ಅದಾದ ಮೇಲೆ ಬಂದ ಡ್ಯುಪ್ಲೆಕ್ಸ್ (ಎರಡಂತಸ್ತಿನ) ಟಿಜಿವಿಗಳ ಡಿಸೈನಲ್ಲಿ ಡಿಕ್ಕಿ ಶಕ್ತಿ ನುಂಗೋ ಜಾಗಗಳಿಗೆ ಒಳ್ಳೇ ಮಹತ್ವ ಸಿಕ್ತು. ಡ್ರೈವರ್ ವಿಷಯ ಬಂದಾಗೆಲ್ಲಾ ನನಗೆ ಸಂಕಟ ಆಗತ್ತೆ, ಇಡೀ ಟ್ರೇನಲ್ಲಿ ಮಡಚೋ ಜಾಗದ ಮಧ್ಯದಲ್ಲೇ ಕೂರೋ ಒಬ್ಬನೇ ಮನುಷ್ಯ ಅವನು. ಸ್ಟ್ಯಾಂಡರ್ಡ್ ಅವನ ಸೀಟಿನ ಸುತ್ತ ಒಂದು ಉಳಿಯೋ ಜಾಗ ಕೇಳತ್ತೆ, ಆದ್ರೆ ಸೀಟಿನ ಹಿಂದೆ ಎಲೆಕ್ಟ್ರಿಕಲ್ ಕಬೋರ್ಡ್ ಇಟ್ಟು ಓಡೋ ದಾರಿ ಮುಚ್ಚೋ ಡಿಸೈನುಗಳನ್ನ ನಾನಂತೂ ಒಪ್ಪಲ್ಲ. ಹಳಿ ಮೇಲಿನ ಅಡ್ಡಿನ ಪಕ್ಕಕ್ಕೆ ತಳ್ಳೋ, ಮೂತಿ ಕೆಳಗಿನ ಡಿಫ್ಲೆಕ್ಟರ್ ನೋಡೋಕೆ ಸಣ್ಣ ವಿಷಯ ಅನ್ಸತ್ತೆ, ಆದ್ರೆ ಕಾರಿನ ಚೂರು ಚಕ್ರದ ಕೆಳಗೆ ಹೋಗಿ ಹಳಿ ತಪ್ಪಿದ್ರೆ ಸಣ್ಣ ಡಿಕ್ಕಿ ದೊಡ್ಡ ದುರಂತ ಆಗತ್ತೆ, ಅದಕ್ಕೇ 160 ಕಿಮೀ ಮತ್ತು ಅದಕ್ಕಿಂತ ವೇಗದ ಗಾಡಿಗಳಲ್ಲಿ ಅದರ ಮಧ್ಯಭಾಗ 300 ಕಿಲೋನ್ಯೂಟನ್ ತಾಳ್ಬೇಕು ಅಂತ ಇಟ್ಟಿದ್ದಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಇಷ್ಟೆಲ್ಲಾ ಇದ್ರೂ ಯಾಕೆ ಸಾಯ್ತಾರೆ. ಉತ್ತರ ಸ್ಪೀಡಿನ ವರ್ಗದಲ್ಲಿದೆ. ಅದೇ 400 ಟನ್ ಟ್ರೇನು 160 ಕಿಮೀಲಿ ಹೋದ್ರೆ 20 ಮೆಗಾಜೂಲ್ ಅಲ್ಲ, ಸುಮಾರು 395 ಮೆಗಾಜೂಲ್. 300 ಟನ್ ಬಲದಲ್ಲಿ ಮಡಚ್ತಾ ಹೋದ್ರೂ 130 ಮೀಟರ್ ಲೋಹ ಮಡಚ್ಬೇಕು. ಅಷ್ಟು ಮಡಚೋ ಟ್ರೇನು ಯಾರೂ ಕಟ್ಟಲ್ಲ, ಕಟ್ಟೋಕಾಗಲ್ಲ. ಮಡಚೋ ಜಾಗ ಇರೋದು ಸಿಗ್ನಲ್ಲು, ಆಟೋಮ್ಯಾಟಿಕ್ ಬ್ರೇಕು, ಡ್ರೈವರಿನ ಎಮರ್ಜೆನ್ಸಿ ಬ್ರೇಕು ಎಲ್ಲಾ ತಮ್ಮ ಕೆಲಸ ಮಾಡಿದ ಮೇಲೂ ಉಳಿದುಬಿಡೋ ಆ ಕೊನೇ ಸ್ವಲ್ಪ ಸ್ಪೀಡಿಗೆ. 2008ರ ಸೆಪ್ಟೆಂಬರಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತಲ್ಲಿ ಒಂದು ಪ್ಯಾಸೆಂಜರ್ ಟ್ರೇನು ಮತ್ತು ಗೂಡ್ಸ್ ಟ್ರೇನು ಎದುರುಬದುರು ಬಂದು ಗುದ್ದಿದ್ವು, ಎರಡೂ ಗಂಟೆಗೆ 65ರಿಂದ 70 ಕಿಮೀ ಸ್ಪೀಡಲ್ಲಿದ್ವು, ಪ್ಯಾಸೆಂಜರ್ ಟ್ರೇನಿನ ಸ್ವಂತ ಲೋಕೋಮೋಟಿವ್ ಹಿಂದಕ್ಕೆ ನುಗ್ಗಿ ಮೊದಲ ಬೋಗಿಯೊಳಗೆ ಸುಮಾರು 16 ಮೀಟರ್ ಹೋಗಿಬಿಡ್ತು, 25 ಜನ ಸತ್ರು. 1999ರ ಅಕ್ಟೋಬರಲ್ಲಿ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವಲ್ಲಿ ಎರಡರ ಸ್ಪೀಡ್ ಕೂಡಿಸಿದ್ರೆ 200 ಕಿಮೀ ಮೇಲೆ, 31 ಸಾವು. ಇಂಥ ಡಿಕ್ಕಿಗಳನ್ನ ಬಾಡಿ ಡಿಸೈನು ಗೆಲ್ಲಲ್ಲ, ಸಿಗ್ನಲಿಂಗ್ ಗೆಲ್ಲಬೇಕು. ಮಡಚೋ ಜಾಗ (ಕ್ರಂಪಲ್ ಝೋನ್) ಇದೆ ಅಂತ, ತಾನೇ ಬ್ರೇಕ್ ಹಾಕಿ ಡಿಕ್ಕಿ ತಪ್ಪಿಸೋ ರೈಲು ಪ್ರೊಟೆಕ್ಷನ್ ಸಿಸ್ಟಮ್ಮಿಗೆ ದುಡ್ಡು ಉಳಿಸೋ ಮಾತು ಯಾರಾದ್ರೂ ಆಡಿದ್ರೆ ಅವರಿಗೆ ಈ 395 ಅನ್ನೋ ನಂಬರ್ ತೋರಿಸ್ಬೇಕು.

ಲ್ಯಾಡ್‌ಬ್ರೋಕ್ ಗ್ರೋವ್ ನಮ್ಮವರಿಗೆ ಇನ್ನೊಂದು ಪಾಠ ಕಲಿಸ್ತು. ಅಲ್ಲಿದ್ದ ಒಂದು ಟ್ರೇನು ಅಲ್ಯೂಮಿನಿಯಂ ಬಾಡಿದು, ಉದ್ದುದ್ದ ಎಕ್ಸ್‌ಟ್ರೂಶನ್ (ಅಚ್ಚಿನಿಂದ ಒತ್ತಿ ತೆಗೆದ) ಪಟ್ಟಿಗಳನ್ನ ಪಕ್ಕಪಕ್ಕ ವೆಲ್ಡ್ ಮಾಡಿ ಕಟ್ಟಿರೋದು. ವೆಲ್ಡಿಂಗ್ ಬಿಸಿಗೆ ಪಕ್ಕದ ಲೋಹದ ಬಲ ಇಳಿದುಹೋಗಿರತ್ತೆ, ಹಾಗಾಗಿ ಡಿಕ್ಕಿಲಿ ಕೆಲವು ಕಡೆ ಪಟ್ಟಿಗಳು ಬಾಗಿ ಶಕ್ತಿ ನುಂಗೋ ಬದಲು ವೆಲ್ಡಿನ ಗೆರೆ ಹಿಡ್ಕೊಂಡು ಜಿಪ್ ಬಿಚ್ಚಿದಂಗೆ ಬಿಚ್ಕೊಂಡು ಹೋದ್ವು. ಅಲ್ಯೂಮಿನಿಯಂ ಕೆಟ್ಟದ್ದು ಅಂತಲ್ಲ, ಇವತ್ತು ವೇಗದ ಗಾಡಿಗಳಲ್ಲಿ ಬಹಳಷ್ಟು ಅದರದ್ದೇ. ವೆಲ್ಡ್ ಜಾಗದಲ್ಲಿ ಪಟ್ಟಿ ದಪ್ಪ ಮಾಡಿ, ಫಿಲ್ಲರ್ ಲೋಹ ಸರಿಯಾಗಿ ಆರಿಸಿ, ಅಥವಾ ಲೋಹ ಕರಗಿಸದೇ ಉಜ್ಜಿ ಬೆಸೆಯೋ ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್ ಮಾಡಿ, ಮೊದ್ಲು ಪಟ್ಟಿ ಬಾಗ್ಬೇಕು ಆಮೇಲೆ ವೆಲ್ಡು ಅನ್ನೋ ಕ್ರಮ ಕೂರಿಸ್ಬೇಕು. ನೋಡಿ, ಇಲ್ಲೂ ಅದೇ ಕ್ರಮದ ಪ್ರಶ್ನೆ.

ಸಾಲು ಬಿಡದೇ ಇರೋದೂ ಮುಖ್ಯ. ಹಿಂದಿನಿಂದ ತಳ್ಳಿಸ್ಕೊಂಡ ಬೋಗಿಗಳು ಝಿಗ್‌ಝ್ಯಾಗ್ ಆಗಿ ಪಕ್ಕಕ್ಕೆ ಬಾಗಿದ್ರೆ ಪಕ್ಕದ ಗೋಡೆಗೆ ಏಟು ಬೀಳತ್ತೆ, ಅಲ್ಲಿ ಮಡಚೋ ಜಾಗ ಏನೂ ಇಲ್ಲ. ಅಕ್ಕಪಕ್ಕದ ಎರಡು ಬೋಗಿಗಳ ತುದಿ ಚಕ್ರಗಳ ಒಂದೇ ಚೌಕಟ್ಟಿನ ಮೇಲೆ ಕೂತಿರೋ ಟಿಜಿವಿಯಂಥ ಟ್ರೇನುಗಳು ಇದರಲ್ಲಿ ಒಳ್ಳೇವು. 1993ರ ಡಿಸೆಂಬರಲ್ಲಿ ಉತ್ತರ ಫ್ರಾನ್ಸಲ್ಲಿ ಮೊದಲ ಮಹಾಯುದ್ಧದ ಕಾಲದ ಕಂದಕದಿಂದಾಗಿ ಹಳಿ ಕೆಳಗಿನ ನೆಲ ಕುಸಿದು ಒಂದು ಟಿಜಿವಿ 294 ಕಿಮೀ ಸ್ಪೀಡಲ್ಲಿ ಹಳಿ ತಪ್ತು, ಆದ್ರೂ ಸಾಲಾಗಿ ನೆಟ್ಟಗೆ ನಿಂತ್ಕೊಂಡೇ ಹೋಗಿ ನಿಲ್ತು, ಒಬ್ಬರೂ ಸಾಯ್ಲಿಲ್ಲ. ಆ ಸ್ಪೀಡಲ್ಲಿ ಎದುರಿಗೆ ಯಾವುದೂ ಸಿಗದೇ ಇದ್ದದ್ದೂ ಕಾರಣ, ಆದ್ರೆ ಸಾಲು ಬಿಡದೇ ಇದ್ದದ್ದೇ ದೊಡ್ಡ ಕಾರಣ.

ಸೀಟ್ ಬೆಲ್ಟ್ ಕೇಳಿದ್ರಿ. ಬಾಡಿ ಉಳಿದ ಮೇಲೂ ಒಳಗಿನ ಮನುಷ್ಯ ಉಳೀಬೇಕಲ್ಲ, ಬೋಗಿ 5 ಜಿಲಿ ನಿಧಾನ ಆಗ್ತಾ ಇದ್ರೆ ನೀವು ಆಗ್ತಾ ಇರಲ್ಲ, ಮುಂದಿನ ಸೀಟಿಗೆ 60 ಸೆಂಟಿಮೀಟರ್ ದೂರ ಇದ್ರೆ ಅದನ್ನ ಮುಟ್ಟೋ ಹೊತ್ತಿಗೆ ನಿಮಗೂ ಸೀಟಿಗೂ ನಡುವೆ ಸೆಕೆಂಡಿಗೆ ಏಳೂವರೆ ಮೀಟರಿನಷ್ಟು ಸ್ಪೀಡು ವ್ಯತ್ಯಾಸ ಬಂದಿರತ್ತೆ, ಅಂದ್ರೆ 27 ಕಿಮೀಲಿ ಮುಖ ಸೀಟಿಗೆ ಹೊಡೆದಂಗೆ. ದೂರ ಜಾಸ್ತಿ ಇದ್ದಷ್ಟೂ ಏಟು ಜಾಸ್ತಿ, ಎದುರುಬದುರು ಸೀಟು, ನಿಂತ್ಕೊಳ್ಳೋದು ಇನ್ನೂ ಕೆಟ್ಟದ್ದು. ಹಾಗಾದ್ರೆ ಬೆಲ್ಟ್ ಹಾಕ್ಬಿಡಿ ಅಂತೀರ. ಬ್ರಿಟನ್ನಿನ ರೈಲ್ ಸೇಫ್ಟಿ ಅಂಡ್ ಸ್ಟ್ಯಾಂಡರ್ಡ್ಸ್ ಬೋರ್ಡ್ ಇದನ್ನ ಕೂಲಂಕಷವಾಗಿ ನೋಡಿ ಬೇಡ ಅಂತ ಹೇಳ್ತು. ಬೆಲ್ಟ್ ಎಳೆತ ತಾಳೋಕೆ ಸೀಟು ಬಹಳ ಗಟ್ಟಿ ಮಾಡ್ಬೇಕು, ಆಗ ಬೆಲ್ಟ್ ಹಾಕದೇ ಇರೋರು ಆ ಗಟ್ಟಿ ಸೀಟಿಗೆ ಹೊಡ್ಕೊಂಡು ಹೆಚ್ಚು ಗಾಯ ಮಾಡ್ಕೊಳ್ತಾರೆ. ಜೊತೆಗೆ ಬಾಡಿ ಒಳಗೆ ನುಗ್ಗಿದ ಜಾಗದಲ್ಲಿ ಬೆಲ್ಟ್ ಮನುಷ್ಯನನ್ನ ಅಲ್ಲೇ ಕಟ್ಟಿಹಾಕಿರತ್ತೆ. ಬೋಗಿ ಮಗುಚಿದಾಗ ಜನ ಸಾಯೋದು ಎಷ್ಟೋ ಸಲ ಒಡೆದ ಕಿಟಕಿಯಿಂದ ಹೊರಗೆ ಬಿದ್ದು, ಅದಕ್ಕೆ ಬೆಲ್ಟಿಗಿಂತ ಒಡೆದ್ರೂ ಚೌಕಟ್ಟು ಬಿಡದ ಲ್ಯಾಮಿನೇಟೆಡ್ ಗ್ಲಾಸು ಉತ್ತಮ. ಸೀಟಿನ ಬೆನ್ನು ಏಟಿಗೆ ಸ್ವಲ್ಪ ಬಾಗ್ಬೇಕು, ಆದ್ರೆ ನೆಲದಿಂದ ಕಿತ್ಕೊಳ್ಳಬಾರದು. ಟೇಬಲ್ಲುಗಳ ಅಂಚು ನೇರ ಹೊಟ್ಟೆಗೆ ಬಡಿಯತ್ತೆ, ಅದರಿಂದ ಸತ್ತವರಿದ್ದಾರೆ, ಅದಕ್ಕೇ ಅಂಚು ಅಗಲ ಮಾಡಿ ಒಳಗೆ ನಜ್ಜಾಗೋ ವಸ್ತು ತುಂಬಿದ ಟೇಬಲ್ಲುಗಳೂ ಬಂದಿವೆ.

ಯಾವ ಬೋಗಿ ಅನ್ನೋದಕ್ಕೆ ಗ್ಯಾರಂಟಿ ಉತ್ತರ ಯಾರೂ ಕೊಡೋಕಾಗಲ್ಲ, ಕ್ಯಾನನ್ ಸ್ಟ್ರೀಟಲ್ಲಿ ಮಧ್ಯದ ಬೋಗಿನೇ ಕೆಟ್ಟದಾಗಿತ್ತಲ್ಲ. ಆದ್ರೆ ಎದುರಿಂದ ಬಂದ್ರೆ ಮೊದಲಿಂದಕ್ಕೆ, ಹಿಂದಿಂದ ಬಂದ್ರೆ ಕೊನೇದಕ್ಕೆ ಹೆಚ್ಚು ಅನ್ನೋದು ಲೆಕ್ಕದ ಮಾತೇ, ಹಾಗಾಗಿ ಆಯ್ಕೆ ಇದ್ರೆ ನಡುವಿನ ಬೋಗಿ, ಅದರಲ್ಲೂ ಬೋಗಿಯ ನಡುಭಾಗ, ಸಾಧ್ಯ ಇದ್ರೆ ಪ್ರಯಾಣದ ದಿಕ್ಕಿಗೆ ಬೆನ್ನು ಹಾಕಿದ ಸೀಟು, ಆಗ ಏಟು ಬೆನ್ನಿಗೆಲ್ಲಾ ಹರಡತ್ತೆ. ಬಾಗಿಲ ಹತ್ರ ವೆಸ್ಟಿಬ್ಯೂಲಲ್ಲಿ ಇಡೀ ದಾರಿ ನಿಂತ್ಕೊಂಡು ಹೋಗೋದು ಬೇಡ, ಈಗ ನಿಮಗೇ ಗೊತ್ತಲ್ಲ ಆ ಜಾಗನ ಯಾಕೆ ಆರಿಸಿರ್ತಾರೆ ಅಂತ. ಭಾರದ ಲಗೇಜು ತಲೆ ಮೇಲಿನ ರ‍್ಯಾಕಲ್ಲಿ ಇಡೋದೂ ಬೇಡ.

ಸಣ್ಣ ಡಿಕ್ಕಿ ಆದ್ಮೇಲೆ ಬೋಗಿ ಎಸೆಯಲ್ಲ. ಕ್ರ್ಯಾಶ್ ಬಾಕ್ಸುಗಳನ್ನ ಆದಷ್ಟೂ ಬೋಲ್ಟ್ ಹಾಕಿ ಕೂರಿಸಿರ್ತಾರೆ, ಮಡಚಿದ್ದನ್ನ ಬಿಚ್ಚಿ ಹೊಸದು ಹಾಕಿದ್ರೆ ಆಯ್ತು, ಹಿಂದಿನ ಫ್ರೇಮಿನ ಅಳತೆ ಡ್ರಾಯಿಂಗಿಗೆ ತಾಳೆ ಆಗತ್ತಾ ಅಂತ ನೋಡಿದ ಮೇಲೆ. ಕಪ್ಲರಿನ ಡಿಫಾರ್ಮೇಶನ್ ಟ್ಯೂಬಿಗೆ ಬಹಳ ಡಿಸೈನುಗಳಲ್ಲಿ ಒಂದು ಸಣ್ಣ ಇಂಡಿಕೇಟರ್ ಇರತ್ತೆ, ಟ್ಯೂಬ್ ಸ್ವಲ್ಪ ಸರಿದ್ರೂ ಅದು ಮುರಿಯತ್ತೆ ಅಥವಾ ಬಗ್ಗತ್ತೆ. ಡಿಪೋದಲ್ಲಿ ಗಾಡಿ ಚೆಕ್ ಮಾಡೋರು ಅದನ್ನ ನೋಡ್ಲೇಬೇಕು, ಯಾಕಂದ್ರೆ ಯಾರ್ಡಲ್ಲಿ ಯಾರೋ ಸ್ವಲ್ಪ ಜೋರಾಗಿ ಜೋಡಿಸಿ ಟ್ಯೂಬ್ ಅರ್ಧ ಖರ್ಚಾಗಿದ್ರೆ ಗಾಡಿ ಓಡೋದ್ರಲ್ಲಿ ಯಾವ ವ್ಯತ್ಯಾಸನೂ ಗೊತ್ತಾಗಲ್ಲ, ಬ್ರೇಕ್ ಸರಿ ಇರತ್ತೆ, ಬಾಗಿಲು ಸರಿ ಇರತ್ತೆ, ಸರಪಳಿಯ ಆ ಒಂದು ಕೊಂಡಿಲಿ ಮಾತ್ರ ಮುಂದಿನ ಡಿಕ್ಕಿಗೆ ಇರ್ಬೇಕಾದ ಉದ್ದ ಇರಲ್ಲ. ಇಂಡಿಕೇಟರ್ ಮುರಿದಿರೋ ಟ್ಯೂಬನ್ನ ಬದಲಾಯಿಸೋವರೆಗೂ ಆ ಗಾಡಿನ ಸರ್ವೀಸಿಗೆ ಬಿಡ್ಬಾರದು.